ಕಾವೇರಿಯ ಪಂಚಾಂಗ, ಕಾವೇರಿಯ ನಕ್ಷೆ

ತಲಕಾವೇರಿಗೆ ಮೊದಲ ಸಲ ಹೋದವರು ಹೊಳೆಯನ್ನು ಹುಡುಕುತ್ತಾರೆ. ಅಲ್ಲಿ ಹೊಳೆ ಇಲ್ಲ. ಮೆಟ್ಟಿಲು ಹತ್ತಿ ಒಳಗೆ ಬಂದರೆ ಕಲ್ಲು ಕಟ್ಟಿದ ಒಂದು ಕೊಳ, ಕೊಳದ ತಲೆಯಲ್ಲಿ ಪುಟ್ಟದೊಂದು ಕುಂಡಿಕೆ. ಎರಡು ಕೈ ಚಾಚಿದರೆ ಮುಗಿದುಹೋಗುವಷ್ಟು ಅಗಲ. ಇಲ್ಲಿ ಉಕ್ಕಿದ ನೀರು ನೆಲದೊಳಗೇ ಇಳಿದು, ಕೆಳಗೆಲ್ಲೋ ಮತ್ತೆ ಮೇಲೆ ಬಂದು ಹೊಳೆಯಾಗುತ್ತದೆ ಎನ್ನುವುದು ನಂಬಿಕೆ. ಸುಮಾರು 1,300 ಮೀಟರ್ ಎತ್ತರದ ಬ್ರಹ್ಮಗಿರಿಯ ಮಗ್ಗುಲಲ್ಲಿರುವ ಈ ಕುಂಡಿಕೆಯ ನೀರಿಗಾಗಿ ಪ್ರತಿವರ್ಷ ಅಕ್ಟೋಬರ್ ನಡುವಿನಲ್ಲಿ ಸಾವಿರಾರು ಜನ ಚಳಿ, ಮಂಜು, ನೂಕುನುಗ್ಗಲು ಒಂದನ್ನೂ ಲೆಕ್ಕಿಸದೆ ಬಿಂದಿಗೆ, ಕ್ಯಾನು, ಬಾಟಲಿ ಹಿಡಿದು ಕಾಯುತ್ತಾರೆ. ಹೇಳಿದ ಗಳಿಗೆಗೆ ಅರ್ಚಕರು ಕುಂಡಿಕೆಯ ನೀರನ್ನು ಮೊಗೆದು ಜನರ ಮೇಲೆ ಎರಚುತ್ತಾರೆ. ಅದೇ ತೀರ್ಥೋದ್ಭವ.

ಪತ್ರಿಕೆಗಳಲ್ಲಿ ಈ ಸುದ್ದಿಯ ಜೊತೆಗೆ ಒಂದು ಹೊತ್ತು ಅಚ್ಚಾಗಿರುತ್ತದೆ. 2022ರಲ್ಲಿ ಅಕ್ಟೋಬರ್ 17ರ ಸಂಜೆ 7.21. 2023ರಲ್ಲಿ ನಡುರಾತ್ರಿ ಕಳೆದು 1.27. 2024ರಲ್ಲಿ ಬೆಳಿಗ್ಗೆ 7.40. 2025ರಲ್ಲಿ ಮಧ್ಯಾಹ್ನ 1.44. ಒಂದು ವರ್ಷ ಸಂಜೆ, ಮರುವರ್ಷ ರಾತ್ರಿ, ಆಮೇಲೆ ಬೆಳಿಗ್ಗೆ, ಆಮೇಲೆ ಮಧ್ಯಾಹ್ನ. ಇದನ್ನು ನೋಡಿ ‘ದೇವರ ಹೊತ್ತು ಹೀಗೇಕೆ ಅಲೆಯುತ್ತದೆ’ ಎಂದು ಕೇಳಿದವರಿದ್ದಾರೆ. ಉತ್ತರ ಸರಳವಾಗಿದೆ. ನಮ್ಮ ಹಬ್ಬಗಳಲ್ಲಿ ಹೆಚ್ಚಿನವು ಚಂದ್ರನ ತಿಥಿಯನ್ನು ಹಿಡಿದು ನಡೆಯುತ್ತವೆ. ಆದ್ದರಿಂದಲೇ ಗೌರಿ ಗಣೇಶ, ದೀಪಾವಳಿ ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತವೆ. ಸಂಕ್ರಮಣಗಳು ಹಾಗಲ್ಲ, ಅವು ಸೂರ್ಯನ ಲೆಕ್ಕ. ಸೂರ್ಯ ಕನ್ಯಾರಾಶಿ ದಾಟಿ ತುಲಾರಾಶಿಗೆ ಕಾಲಿಡುವ ಗಳಿಗೆಯೇ ತುಲಾ ಸಂಕ್ರಮಣ. ಸೂರ್ಯ ಅದೇ ಬಿಂದುವಿಗೆ ಮರಳಲು 365 ದಿನ ಸಾಲದು, ಮೇಲೆ ಆರು ಗಂಟೆ ಹಾಗೂ ಕೆಲವು ನಿಮಿಷ ಬೇಕು. ಹಾಗಾಗಿ ತೀರ್ಥೋದ್ಭವದ ಹೊತ್ತು ವರ್ಷಕ್ಕೆ ಆರು ಗಂಟೆಯಷ್ಟು ಮುಂದೆ ಸರಿಯುತ್ತದೆ. ಅಧಿಕ ವರ್ಷ ಬಂದಾಗ ಫೆಬ್ರುವರಿಯಲ್ಲಿ ಸೇರುವ ಒಂದು ದಿನ ಅದನ್ನು ಮತ್ತೆ ಹಿಂದಕ್ಕೆ ಎಳೆಯುತ್ತದೆ. ದಿನಾಂಕ ಮಾತ್ರ 17, 18ರ ಆಸುಪಾಸಿನಿಂದ ಕದಲುವುದಿಲ್ಲ.

ಚಂದ್ರನನ್ನು ಬಿಟ್ಟು ಸೂರ್ಯನನ್ನೇ ಈ ಹಬ್ಬ ಏಕೆ ಹಿಡಿಯಿತು? ನನಗೆ ತೋರುವ ಕಾರಣ ಇದು: ಮಳೆ ಸೂರ್ಯನ ಲೆಕ್ಕದಲ್ಲಿ ನಡೆಯುತ್ತದೆ. ಕೊಡಗಿನಲ್ಲಿ ಜೂನ್‌ನಲ್ಲಿ ಹಿಡಿದ ಮುಂಗಾರು ಬಿಡುವುದು ಹೆಚ್ಚುಕಡಿಮೆ ಅಕ್ಟೋಬರ್ ಮೊದಲ ಪಕ್ಷದಲ್ಲಿ. ನಾಲ್ಕು ತಿಂಗಳು ಕುಡಿದ ಬೆಟ್ಟ ಆಗ ತುಂಬಿ ನಿಂತಿರುತ್ತದೆ. ಮಲೆನಾಡಿನವರು ‘ಜಲ ಎದ್ದಿದೆ’ ಎನ್ನುತ್ತಾರಲ್ಲ, ಆ ಸ್ಥಿತಿ. ಮೇಲಿನಿಂದ ಸುರಿಯುವ ನೀರು ನಿಲ್ಲುತ್ತಾ ಬಂದಿರುತ್ತದೆ, ಒಳಗಿನ ಒರತೆ ಮೇಲಕ್ಕೆ ಒತ್ತುತ್ತಿರುತ್ತದೆ. ಹೊಳೆ ಮಳೆಯ ಮಗಳಾಗಿದ್ದದ್ದು ಬೆಟ್ಟದ ಮಗಳಾಗುವ ಹೊತ್ತು ಅದು. ಇನ್ನು ಮುಂದಿನ ಏಳೆಂಟು ತಿಂಗಳು ಇಲ್ಲಿ ಕಾವೇರಿಯಲ್ಲಿ ಹರಿಯುವುದು ಹೆಚ್ಚಾಗಿ ನೆಲ ಹಿಡಿದಿಟ್ಟು ಬಿಟ್ಟುಕೊಡುವ ನೀರು. ತಾಯಿ ಹುಟ್ಟುವ ದಿನವನ್ನು ಸುರಿಮಳೆಯ ಆಷಾಢದಲ್ಲಿ ಇಡದೆ, ಮಳೆ ಹಿಂದೆಗೆದು ಒರತೆ ಮುಂದೆ ಬರುವ ತುಲಾ ಮಾಸದಲ್ಲಿ ಇಟ್ಟ ಜನಕ್ಕೆ ತಮ್ಮ ನೆಲದ ಗುಟ್ಟು ಗೊತ್ತಿತ್ತು. ಭಕ್ತಿಯನ್ನು ವಿಜ್ಞಾನದ ತಕ್ಕಡಿಯಲ್ಲಿ ತೂಗಲು ನಾನು ಈ ಮಾತು ಹೇಳುತ್ತಿಲ್ಲ. ಕಾವೇರಿಯ ಹಬ್ಬಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದೊಂದು ನೀರಿನ ಪಂಚಾಂಗ, ಕಾವೇರಿಯ ಕ್ಷೇತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದೊಂದು ನದಿಯ ನಕ್ಷೆ. ಇವೆರಡನ್ನೂ ಓದುವುದು ನಮಗೆ ಮರೆತುಹೋಗುತ್ತಿದೆ ಎಂಬ ಕಳವಳದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಕ್ಷೆಯ ದೊಡ್ಡ ಗೆರೆಗಳು. ತಲಕಾವೇರಿಯಿಂದ ಅರಬ್ಬಿ ಸಮುದ್ರ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 50 ಕಿಲೋಮೀಟರ್. ಅದೇ ಸೀಮೆಯ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿ ಪಡುವಣಕ್ಕೆ ಇಳಿದು ಬೇಗನೆ ಸಮುದ್ರ ಸೇರಿಬಿಡುತ್ತಾಳೆ. ಕಾವೇರಿಯಾದರೋ ಕೂಗಳತೆಯ ಸಮುದ್ರಕ್ಕೆ ಬೆನ್ನು ತಿರುಗಿಸಿ, ಸುಮಾರು 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ದಕ್ಷಿಣ ಭಾರತದ ಪ್ರಸ್ಥಭೂಮಿಯ ಪಡುವಣ ಅಂಚು ಎದ್ದು ನಿಂತಿದೆ, ಮೂಡಣಕ್ಕೆ ಬರಬರುತ್ತ ತಗ್ಗಿದೆ. ಒಂದು ಕಡೆ ಎತ್ತಿ ಹಿಡಿದ ಮೊರದಂತೆ. ಆ ಎತ್ತಿದ ಅಂಚೇ ಪಶ್ಚಿಮ ಘಟ್ಟ. ಅಂಚಿನ ಆಚೆ ಬಿದ್ದ ಹನಿ ಕರಾವಳಿಗೆ, ಈಚೆ ಬಿದ್ದ ಹನಿ ಪೂರ್ವಕ್ಕೆ. ಗೋದಾವರಿ, ಕೃಷ್ಣೆ, ಕಾವೇರಿ ಮೂವರೂ ಘಟ್ಟದ ನೆತ್ತಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವುದು ಇದೇ ಕಾರಣಕ್ಕೆ.

ಕರ್ನಾಟಕದೊಳಗೆ ಸುಮಾರು 320 ಕಿಲೋಮೀಟರ್, ಎರಡು ರಾಜ್ಯಗಳ ಗಡಿಯಾಗಿ 64, ತಮಿಳುನಾಡಿನಲ್ಲಿ 416 ಎಂದು ಈ ಪಯಣವನ್ನು ಲೆಕ್ಕ ಹಾಕಿದ್ದಾರೆ. ಕಾವೇರಿಗೆ ನೀರು ಒದಗಿಸುವ ನೆಲ, ಅಂದರೆ ಜಲಾನಯನ, 81,155 ಚದರ ಕಿಲೋಮೀಟರ್. ಇದರಲ್ಲಿ ಕರ್ನಾಟಕದ ಪಾಲು 34,273, ತಮಿಳುನಾಡಿನದು 43,856, ಕೇರಳದ್ದು 2,866. ಪುದುಚೇರಿಯ ಕಾರೈಕಾಲ್ ಭಾಗ ತೀರಾ ಸಣ್ಣದು. ಎಡದಂಡೆಯಿಂದ ಹಾರಂಗಿ, ಹೇಮಾವತಿ, ಶಿಂಷಾ, ಅರ್ಕಾವತಿ ಬಂದು ಸೇರುತ್ತಾರೆ. ಬಲದಂಡೆಯಿಂದ ಲಕ್ಷ್ಮಣತೀರ್ಥ, ಕಪಿಲೆ ಎಂದು ನಾವು ಕರೆಯುವ ಕಬಿನಿ, ಸುವರ್ಣಾವತಿ. ಮುಂದೆ ತಮಿಳು ನೆಲದಲ್ಲಿ ಭವಾನಿ, ನೊಯ್ಯಲ್, ಅಮರಾವತಿ.

ಗಂಗೆಗೂ ಕಾವೇರಿಗೂ ಇರುವ ದೊಡ್ಡ ಅಂತರವನ್ನು ಇಲ್ಲೇ ಹೇಳಿಬಿಡಬೇಕು. ಗಂಗೆಗೆ ಹಿಮಾಲಯದ ಹಿಮದ ಠೇವಣಿ ಇದೆ. ಕಾವೇರಿಗೆ ಇರುವುದು ಮಣ್ಣಿನ ಠೇವಣಿ ಮಾತ್ರ. ಭಾಗಮಂಡಲದ ಸುತ್ತ ವರ್ಷಕ್ಕೆ 5,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಮಂಡ್ಯದಲ್ಲಿ 700ರ ಆಸುಪಾಸು. ಘಟ್ಟಕ್ಕೆ ಬಡಿದ ಮೋಡ ತನ್ನಲ್ಲಿದ್ದದ್ದನ್ನೆಲ್ಲ ಅಲ್ಲೇ ಇಳಿಸಿ, ಬಯಲಿಗೆ ಬರುವಾಗ ಬರಿಗೈ ಆಗಿರುತ್ತದೆ. ಬೆಟ್ಟದ ಹುಲ್ಲುಗಾವಲು, ಶೋಲಾ ಕಾಡು, ತಗ್ಗಿನ ಭತ್ತದ ಗದ್ದೆ ಇವೆಲ್ಲ ಆ ಮಳೆಯನ್ನು ಹಿಡಿದು, ನಿಧಾನಕ್ಕೆ ಬಸಿದರೆ ಮಾತ್ರ ಮಂಡ್ಯದ ಕಬ್ಬಿಗೆ ಬೇಸಿಗೆಯಲ್ಲಿ ನೀರು. ದಕ್ಷಿಣ ಗಂಗೆ ಎಂಬ ಬಿರುದಿನಲ್ಲಿ ಈ ಅಂತರ ಮರೆಯಾಗಬಾರದು.

ಪುರಾಣದ ಕಥೆ ಎಲ್ಲರೂ ಬಲ್ಲದ್ದೇ. ಬ್ರಹ್ಮನ ವರದಿಂದ ಕವೇರ ಮುನಿಗೆ ಮಗಳಾಗಿ ಬಂದ ಲೋಪಾಮುದ್ರೆ, ಅಗಸ್ತ್ಯರ ಕೈಹಿಡಿದಳು. ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದು ಎಂಬುದು ಅವಳ ಷರತ್ತು. ಋಷಿ ಅವಳನ್ನು ಕಮಂಡಲದ ನೀರಾಗಿಸಿ ಇಟ್ಟು ಸ್ನಾನಕ್ಕೆ ಹೋದರು. ಅವಳು ಉಕ್ಕಿ ಹರಿದುಬಿಟ್ಟಳು. ತಮಿಳು ನಾಡಿನ ಕಥೆಯಲ್ಲಿ ಗಣಪತಿ ಕಾಗೆಯ ರೂಪದಲ್ಲಿ ಬಂದು ಕಮಂಡಲವನ್ನು ಉರುಳಿಸುತ್ತಾನೆ. ಕಥೆಯ ಎರಡು ರೂಪಗಳಲ್ಲೂ ಒಂದೇ ಮಾತಿದೆ: ಈ ನೀರು ಒಬ್ಬರ ಪಾತ್ರೆಯಲ್ಲಿ ನಿಲ್ಲತಕ್ಕದ್ದಲ್ಲ.

ಕೊಡಗಿನಲ್ಲಿ ಇದು ಪುರಾಣವಾಗಿ ಉಳಿದಿಲ್ಲ, ಮನೆಯ ಮಾತಾಗಿದೆ. ಹರಿದುಹೋಗುತ್ತಿದ್ದ ತಾಯಿಯನ್ನು ಕೊಡವರು ಬಲಮುರಿಯಲ್ಲಿ ತಡೆದರಂತೆ. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತಂತೆ. ಇಂದಿಗೂ ಕೊಡವತಿಯರು ನೆರಿಗೆಯನ್ನು ಹಿಂದೆಯೇ ಉಡುತ್ತಾರೆ. ವರ್ಷಕ್ಕೊಮ್ಮೆ ಬಂದು ಕಾಣಿಸಿಕೊಳ್ಳುವೆನೆಂದು ಅಲ್ಲಿ ಕೊಟ್ಟ ಮಾತೇ ತೀರ್ಥೋದ್ಭವ. ಈ ಸಂಕ್ರಮಣವನ್ನು ಕೊಡವರು ಕಾವೇರಿ ಚಂಗ್ರಾಂದಿ ಎನ್ನುತ್ತಾರೆ, ಆಗಿನ ಕಣಿ ಪೂಜೆಯನ್ನು ಹತ್ತಿರದಿಂದ ನೋಡಬೇಕು. ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಹೂ ಮುಡಿಸಿ, ಪತ್ತಾಕ್ ಸರ ತೊಡಿಸಿ, ಬಳೆ ಇಟ್ಟು, ವೀಳ್ಯದೆಲೆ ಅಡಿಕೆ ಜೋಡಿಸಿ ಅಕ್ಕಿಯ ತಟ್ಟೆಯ ಮೇಲೆ ಕೂರಿಸುತ್ತಾರೆ. ಆ ಕಾಯಿಯೇ ಕಾವೇರಮ್ಮೆ. ಮನೆಯ ಹೆಂಗಸರು, ಮಕ್ಕಳು ಒಬ್ಬೊಬ್ಬರಾಗಿ ಅಕ್ಕಿಕಾಳು ಹಾಕಿ ನಮಸ್ಕರಿಸುತ್ತಾರೆ. ಗದ್ದೆಯಲ್ಲಿ, ಬಾವಿಯ ಬಳಿ ಬಳ್ಳಿ ಸುತ್ತಿದ ‘ಬೊತ್ತ್’ ಎಂಬ ಕೋಲು ನೆಡುತ್ತಾರೆ. ಅಂದು ಮನೆಯಲ್ಲಿ ಮಾಂಸದಡುಗೆ ಇಲ್ಲ. ದೋಸೆ, ಕುಂಬಳಕಾಯಿ ಸಾರು. ತಲಕಾವೇರಿಯಿಂದ ತಂದ ತೀರ್ಥವನ್ನು ವರ್ಷಪೂರ್ತಿ ಜೋಪಾನ ಮಾಡಿ, ಕೊನೆಯುಸಿರು ಎಳೆಯುವವರ ಬಾಯಿಗೆ ಒಂದು ಹನಿ ಬಿಡುತ್ತಾರೆ. ಗದ್ದೆಗೂ ಅದೇ ತಾಯಿ, ಸಾವಿಗೂ ಅದೇ ತಾಯಿ.

ಇನ್ನು ಕ್ಷೇತ್ರಗಳ ನಕ್ಷೆ. ಕಾವೇರಿ ದಂಡೆಯ ಪುಣ್ಯಸ್ಥಳಗಳು ಎಲ್ಲೆಂದರಲ್ಲಿ ಎದ್ದವಲ್ಲ. ನದಿ ಏನನ್ನಾದರೂ ಮಾಡುವ ಜಾಗದಲ್ಲೇ ಅವು ಇವೆ: ಹುಟ್ಟುವಲ್ಲಿ, ಇನ್ನೊಂದನ್ನು ಕೂಡುವಲ್ಲಿ, ಎರಡಾಗಿ ಸೀಳುವಲ್ಲಿ, ದಿಕ್ಕು ಬದಲಿಸುವಲ್ಲಿ, ಧುಮುಕುವಲ್ಲಿ, ಕೊನೆಗೆ ಹರಡುವಲ್ಲಿ.

ಭಾಗಮಂಡಲದಲ್ಲಿ ಕನ್ನಿಕೆ ಬಂದು ಸೇರುತ್ತಾಳೆ. ಮೂರನೆಯವಳು ಸುಜ್ಯೋತಿ, ಕಣ್ಣಿಗೆ ಕಾಣದ ಗುಪ್ತಗಾಮಿನಿ. ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಕೂಡುತ್ತಾಳೆ. ಅಲ್ಲೂ ಮೂರನೆಯದು ಕಾಣದ ಸ್ಫಟಿಕ ಸರೋವರ. ಗುಂಜಾ ನರಸಿಂಹಸ್ವಾಮಿಯ ಈ ಸನ್ನಿಧಿಯಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ಸಂಪ್ರದಾಯ ಬಂದಿದೆ. ತಮಿಳುನಾಡಿನ ಭವಾನಿ ಪಟ್ಟಣದಲ್ಲಿ ಭವಾನಿ ನದಿ ಕೂಡುವಲ್ಲಿ ಸಂಗಮೇಶ್ವರನ ಗುಡಿ. ಅಲ್ಲೂ ಅಮುದಾ ಎಂಬ ಕಾಣದ ಮೂರನೆಯವಳು. ಪ್ರಯಾಗದ ಸರಸ್ವತಿಯನ್ನು ನೋಡಿ ಹಬ್ಬಿದ ಕಲ್ಪನೆ ಎಂದು ಇದನ್ನು ಸುಲಭವಾಗಿ ವಿವರಿಸಬಹುದು, ಅದರಲ್ಲಿ ನಿಜವೂ ಇರಬಹುದು. ನನಗೆ ಮಾತ್ರ ಇದರಲ್ಲಿ ಇನ್ನೊಂದು ತಿಳಿವಳಿಕೆಯೂ ಕಾಣುತ್ತದೆ. ನದಿಯನ್ನು ಲೆಕ್ಕ ಹಾಕುವಾಗ ನೆಲದಡಿಯ ನೀರನ್ನು ಬಿಡಬೇಡಿ ಎನ್ನುವ ತಿಳಿವಳಿಕೆ. ಒರತೆ ಬತ್ತಿದರೆ ಮೇಲಿನ ಎರಡೂ ಹೊಳೆಗಳು ಬೇಸಿಗೆಗೆ ಮರಳಾಗುತ್ತವೆ.

ಕೂಡುವ ಜಾಗ ಶಿವನಿಗೂ ನರಸಿಂಹನಿಗೂ ಸಂದರೆ, ಸೀಳುವ ಜಾಗ ರಂಗನಾಥನಿಗೆ ಸಂದಿದೆ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ತಿರುಚ್ಚಿಯ ಶ್ರೀರಂಗ ಅಂತ್ಯರಂಗ. ಮೂರೂ ನಡುಗಡ್ಡೆಗಳು. ಹಾಲುಗಡಲಲ್ಲಿ ಮಲಗುವ ದೇವರಿಗೆ ಸುತ್ತ ನೀರಿರುವ ನೆಲವನ್ನೇ ಹುಡುಕಿದರು. ಆದರೆ ಮೂರು ನಡುಗಡ್ಡೆಗಳು ಒಂದೇ ಬಗೆಯವಲ್ಲ. ಮೊದಲೆರಡು ಬಂಡೆಯ ನೆಲ. ಗಟ್ಟಿ ಕಲ್ಲು ಅಡ್ಡ ನಿಂತದ್ದರಿಂದ ಹೊಳೆ ಎರಡಾಗಿ ಬಳಸಿ ಹರಿಯಿತು. ಮೂರನೆಯದು ಮೆಕ್ಕಲು ನೆಲ. ಇಳಿಜಾರು ಮುಗಿದು ನದಿಗೆ ಹೊತ್ತು ತಂದ ಮಣ್ಣು ಭಾರವಾಗಿ, ಅದನ್ನು ಇಳಿಸುತ್ತಾ ಕಾವೇರಿ, ಕೊಳ್ಳಿಡಂ ಎಂದು ಕವಲೊಡೆಯುವ ಜಾಗ. ಏರುಜವ್ವನದಿಂದ ಮುಪ್ಪಿನವರೆಗೆ ನದಿಯ ಬಾಳನ್ನು ಈ ಮೂರು ರಂಗಗಳಲ್ಲಿ ಓದಬಹುದು.

ಶ್ರೀರಂಗಪಟ್ಟಣದಲ್ಲೇ ಇನ್ನೊಂದು ಸೂಕ್ಷ್ಮ ಇದೆ, ಪಶ್ಚಿಮವಾಹಿನಿ. ಪೂರ್ವಕ್ಕೆ ಹೊರಟ ನದಿಯ ಒಂದು ಕವಲು ಇಲ್ಲಿ ಸ್ವಲ್ಪ ದೂರ ಪಡುವಣಕ್ಕೆ ತಿರುಗುತ್ತದೆ. ಬಂದ ದಿಕ್ಕಿಗೇ ಮುಖ ಮಾಡುವ ಈ ತಿರುವನ್ನು ಹಿರಿಯರು ಸಾವಿನ ಕರ್ಮಗಳಿಗೆ ಆರಿಸಿಕೊಂಡರು. ಮೈಸೂರು, ಮಂಡ್ಯ, ಬೆಂಗಳೂರಿನ ಎಷ್ಟೋ ಮನೆಗಳ ಹಿರಿಯರ ಅಸ್ಥಿ ಇಲ್ಲಿ ಕರಗಿದೆ. 1948ರ ಫೆಬ್ರುವರಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದ್ದೂ ಇಲ್ಲಿಯೇ.

ತಲಕಾಡಿನಲ್ಲಿ ನದಿ ಚೂಪಾಗಿ ಬಾಗುತ್ತದೆ. ಬೇಸಿಗೆಯಲ್ಲಿ ಒಣಗಿದ ದಂಡೆಯ ಮರಳನ್ನು ಗಾಳಿ ಹೊತ್ತು ಊರ ಮೇಲೆ ಸುರಿದು ಗುಡಿಗಳನ್ನೇ ಹೂತಿತು. 1610ರ ಹೊತ್ತಿಗೆ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದಾಗ ಅಲ್ಲಿನ ರಾಜಪ್ರತಿನಿಧಿಯ ಮಡದಿ ಅಲಮೇಲಮ್ಮ ಇಟ್ಟ ಶಾಪ ಇದಕ್ಕೆ ಕಾರಣವೆಂದು ಜನ ಹೇಳುತ್ತಾರೆ. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ ಮತ್ತು ಮುಡುಕುತೊರೆಯ ಮಲ್ಲಿಕಾರ್ಜುನ, ಈ ಐವರ ಪಂಚಲಿಂಗ ದರ್ಶನ ನಕ್ಷತ್ರ, ವಾರ, ತಿಂಗಳು ಕೂಡಿಬಂದಾಗ ಮಾತ್ರ. ಮುಂದೆ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಸುಮಾರು 300 ಅಡಿ ಧುಮುಕಿ ಕಾವೇರಿ ಮೈಸೂರಿನ ಎತ್ತರದ ನೆಲಕ್ಕೆ ವಿದಾಯ ಹೇಳುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ್ದು ಇದೇ ಧುಮುಕಿನಿಂದ. ಆಮೇಲೆ ಮೇಕೆದಾಟಿನ ಕಲ್ಲಿನ ಇಕ್ಕಟ್ಟು, ಹೊಗೇನಕಲ್, ಮೆಟ್ಟೂರು.

ತಮಿಳು ನೆಲದ ಕಾವೇರಿಯನ್ನು ನಾವು ಕನ್ನಡಿಗರು ಜಗಳದ ಸುದ್ದಿಯಲ್ಲಷ್ಟೇ ಕಾಣುತ್ತೇವೆ. ಅದು ದೊಡ್ಡ ನಷ್ಟ. ಸುಮಾರು 2ನೇ ಶತಮಾನದಲ್ಲಿ ಕರಿಕಾಲ ಚೋಳ ಕಟ್ಟಿಸಿದನೆನ್ನುವ ಕಲ್ಲಣೈ ಇಂದಿಗೂ ನೀರನ್ನು ಹಂಚುತ್ತಿದೆ. ಅದು ನೀರು ಕೂಡಿಡುವ ಅಣೆಕಟ್ಟಲ್ಲ, ಕವಲುಗಳಿಗೆ ತಿರುಗಿಸುವ ಕಟ್ಟೆ. ಅದರಿಂದ ಕೆಳಗೆ ಕಾವೇರಿ ನೂರಾರು ಕಾಲುವೆಗಳಾಗಿ ತಂಜಾವೂರಿನ ಗದ್ದೆಗಳಲ್ಲಿ ಹರಡಿಹೋಗುತ್ತಾಳೆ. ಚೋಳರ ಹಳೆಯ ಬಂದರು ಪೂಂಪುಹಾರಿನಲ್ಲಿ ಸಮುದ್ರ ಸೇರುವ ಹೊತ್ತಿಗೆ ಅವಳು ಒಂದು ಸಣ್ಣ ಕಾಲುವೆ. ತನ್ನದೆಲ್ಲವನ್ನೂ ಹಂಚಿ ಸಮುದ್ರಕ್ಕೆ ಬರಿಗೈಯಲ್ಲಿ ಹೋಗುವ ನದಿ ಇದು. ಅದೇ ದಂಡೆಯ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿದ್ದಾಗ, 1920ರ ದಶಕದಲ್ಲಿ ತನ್ನ ಸಂಪಾದನೆ ಸುರಿದು ಅದಕ್ಕೆ ಗುಡಿ ಕಟ್ಟಿಸಿದವರು ಕಪಿಲೆಯ ದಂಡೆಯ ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ. ಕಪಿಲೆಯ ನೀರು ಹೋಗುವ ದಾರಿಯಲ್ಲೇ ಆ ತಾಯಿಯೂ ಹೋದರು.

ಅಲ್ಲಿನ ಹಬ್ಬಗಳನ್ನು ನಮ್ಮ ಹಬ್ಬಗಳ ಪಕ್ಕ ಇಟ್ಟರೆ ಪಂಚಾಂಗ ಪೂರ್ತಿಯಾಗುತ್ತದೆ. ಆಡಿ ತಿಂಗಳ 18ನೇ ದಿನ, ಅಂದರೆ ಆಗಸ್ಟ್ ಆರಂಭದಲ್ಲಿ, ಆಡಿ ಪೆರುಕ್ಕು. ಕೊಡಗು, ವಯನಾಡಿನಲ್ಲಿ ಜುಲೈನಲ್ಲಿ ಸುರಿದ ಮಳೆ ಕೆಳಗಿನ ಬಯಲಿಗೆ ಹೊಸನೀರಾಗಿ ಬಂದು ಮುಟ್ಟುವ ಸಮಯ. ಹೆಂಗಸರು ಮಡಿಲು ತುಂಬುವಂತೆ ನದಿಗೆ ಕರಿಮಣಿ, ಬಳೆ, ಅರಿಸಿನ ಅರ್ಪಿಸುತ್ತಾರೆ, ಬಗೆಬಗೆಯ ಚಿತ್ರಾನ್ನ ಕಟ್ಟಿಕೊಂಡು ದಂಡೆಗೆ ಬರುತ್ತಾರೆ. ಆಡಿ ತಿಂಗಳಲ್ಲಿ ಶ್ರೀರಂಗದ ಉತ್ಸವಮೂರ್ತಿ ಅಮ್ಮಾ ಮಂಟಪಕ್ಕೆ ಬಂದು ತಂಗಿಗೆ ಕೊಡುವಂತೆ ಕಾವೇರಿಗೆ ಸೀರೆ ಕೊಡುತ್ತಾನೆ. ಮೇಲೆ ಕೊಡಗಿನಲ್ಲಿ ತೀರ್ಥೋದ್ಭವವಾಗುವ ಅದೇ ತುಲಾ ಮಾಸದಲ್ಲಿ, ಅವರ ಐಪ್ಪಸಿಯಲ್ಲಿ, ಮಯಿಲಾಡುತುರೈಯ ತುಲಾ ಘಟ್ಟದಲ್ಲಿ ತಿಂಗಳಿಡೀ ಸ್ನಾನ. ಅಲ್ಲೊಂದು ಮನಸ್ಸು ಕರಗಿಸುವ ಕಥೆ ಇದೆ. ಕುಂಟನೊಬ್ಬ ತುಲಾ ಮಾಸ ಮುಗಿಯುವುದರೊಳಗೆ ಬಂದು ಮುಟ್ಟಲಾಗದೆ ಮರುದಿನ ಬಂದ. ಅವನಿಗಾಗಿ ಶಿವ ಪುಣ್ಯವನ್ನು ಒಂದು ದಿನ ಮುಂದುವರಿಸಿದ. ಇಂದಿಗೂ ಆ ಮರುದಿನದ ಮುಳುಗಿಗೆ ‘ಕುಂಟನ ಸ್ನಾನ’ ಎಂದೇ ಹೆಸರು. ತಡವಾಗಿ ಬಂದವನಿಗೂ ಪಾಲು ಉಂಟು ಎನ್ನುವ ದಂಡೆ ಅದು.

ಇಷ್ಟು ತಿಳಿದರೆ ಕಾವೇರಿ ವಿವಾದದ ಬೇರೂ ಅರ್ಥವಾಗುತ್ತದೆ. ನದಿಯ ತಲೆ ಒಂದು ಮಳೆಯಲ್ಲಿದೆ, ಪಾದ ಇನ್ನೊಂದು ಮಳೆಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮಾರುತ ಕೊಡಗು, ವಯನಾಡನ್ನು ತೋಯಿಸುತ್ತದೆ. ತಂಜಾವೂರಿಗೆ ಅದರ ಹನಿ ಕಡಿಮೆ. ತಂಜಾವೂರಿನ ಮಳೆ ಈಶಾನ್ಯ ಮಾರುತದ್ದು, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಅಲ್ಲಿನ ರೈತ ಜೂನ್‌ನಲ್ಲಿ ಕುರುವೈ ಭತ್ತ ಬಿತ್ತುತ್ತಾನೆ; ಮೆಟ್ಟೂರು ಅಣೆಕಟ್ಟಿನ ಬಾಗಿಲು ಜೂನ್ 12ಕ್ಕೆ ತೆರೆಯುವುದು ವಾಡಿಕೆ. ತನ್ನ ಮಳೆ ಬರುವವರೆಗಿನ ನಾಲ್ಕು ತಿಂಗಳು ಅವನು ನಮ್ಮ ಮಳೆಯನ್ನು ನಂಬಬೇಕು. ಅದೇ ನಾಲ್ಕು ತಿಂಗಳಲ್ಲಿ ನಮ್ಮ ರೈತನೂ ನಾಟಿ ಮಾಡಬೇಕು, ಕನ್ನಂಬಾಡಿಯ ಕೆಆರ್‌ಎಸ್ ಜಲಾಶಯವೂ ತುಂಬಬೇಕು. ಮಳೆ ಚೆನ್ನಾದ ವರ್ಷ ಇಬ್ಬರಿಗೂ ಮಿಕ್ಕಿ ಸಮುದ್ರಕ್ಕೂ ಹೋಗುತ್ತದೆ. ಕೈಕೊಟ್ಟ ವರ್ಷ ಇಬ್ಬರ ಹೊಟ್ಟೆಯೂ ಒಂದೇ ತಟ್ಟೆಯ ಮುಂದೆ ಕೂರುತ್ತದೆ.

1892, 1924ರ ಒಪ್ಪಂದಗಳು, 1990ರಲ್ಲಿ ರಚನೆಯಾದ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು, ಎಲ್ಲವೂ ಈ ತಟ್ಟೆಯನ್ನು ಹಂಚಲು ಹೆಣಗಿದವುಗಳೇ. ನ್ಯಾಯಮಂಡಳಿ ಲೆಕ್ಕ ಹಿಡಿದ ಒಟ್ಟು ನೀರು 740 ಟಿಎಂಸಿ ಅಡಿ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75ಕ್ಕೆ ಏರಿಸಿ, ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರಿಸಬೇಕೆಂದಿತು. ಹೆಚ್ಚಿಸಿದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಸಾಮಾನ್ಯ ವರ್ಷದ ಅಂಕಿ ಇದು. ಬರದ ವರ್ಷ ಸಂಕಷ್ಟವನ್ನು ಹಂಚಿಕೊಳ್ಳುವ, ಇಬ್ಬರೂ ಒಪ್ಪುವ ಸೂತ್ರ ಇನ್ನೂ ಕೈಗೆ ಬಂದಿಲ್ಲ. ಜಗಳ ಹೊತ್ತಿಕೊಳ್ಳುವುದು ಯಾವಾಗಲೂ ಅಲ್ಲಿಯೇ.

ಅಣೆಕಟ್ಟುಗಳು ನದಿಯನ್ನು ಕಟ್ಟಿದಂತೆ ಹಬ್ಬಗಳನ್ನೂ ಕಟ್ಟಿವೆ. ನೀರಿಲ್ಲದ ವರ್ಷ ಆಡಿ ಪೆರುಕ್ಕಿಗೆ ಘಟ್ಟಗಳಲ್ಲಿ ಕೊಳವೆಬಾವಿಯ ನೀರನ್ನು ಷವರ್‌ಗೆ ಹರಿಸಿ ಸ್ನಾನ ಮಾಡಿಸಿದ್ದುಂಟು. ನಮ್ಮಲ್ಲಿ ಹೊಸದೊಂದು ಆಚರಣೆಯೇ ಹುಟ್ಟಿದೆ. ಕೆಆರ್‌ಎಸ್ ನೀರಿನ ಮಟ್ಟ 124.80 ಅಡಿ ಮುಟ್ಟಿದಾಗ ಮುಖ್ಯಮಂತ್ರಿ ಬಂದು ಬಾಗಿನ ಕೊಡುತ್ತಾರೆ: ಎರಡು ಮೊರ, ಅದರಲ್ಲಿ ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಕಣ, ಅಕ್ಕಿ, ಬೇಳೆ. ತವರಿನ ಹೆಣ್ಣುಮಗಳಿಗೆ ಗೌರಿಹಬ್ಬದಲ್ಲಿ ಕೊಡುವುದನ್ನೇ ಸರ್ಕಾರ ನದಿಗೆ ಕೊಡುತ್ತದೆ. 2023ರಲ್ಲಿ ಜಲಾಶಯ ತುಂಬಲೇ ಇಲ್ಲ. 2025ರಲ್ಲಿ ಜೂನ್ 30ಕ್ಕೇ ಬಾಗಿನವಾಯಿತು. ಈ ಆಚರಣೆ ನನಗೆ ಇಷ್ಟ. ಆದರೆ ಬಾಗಿನ ಕೊಟ್ಟವರಿಗೆ ತಂಗಿಯ ಮನೆಯ ಯೋಗಕ್ಷೇಮ ವಿಚಾರಿಸುವ ಹೊಣೆಯೂ ಇದೆ.

ಆ ಯೋಗಕ್ಷೇಮ ಹೇಗಿದೆ? ತವರಿನಿಂದಲೇ ಶುರುಮಾಡೋಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಸಾಲುಸಾಲಾಗಿ ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಪಕ್ಕದ ಗಜಗಿರಿ ಬೆಟ್ಟವೇ ಜಾರಿ, ಪ್ರಧಾನ ಅರ್ಚಕರ ಮನೆ ಮನೆಯವರೊಂದಿಗೆ ಮಣ್ಣಾಯಿತು. ಮಳೆ ವಿಪರೀತವಾಗಿತ್ತು, ನಿಜ. ಬೆಟ್ಟದ ಇಳಿಜಾರನ್ನು ರಸ್ತೆಗೂ ಕಟ್ಟಡಕ್ಕೂ ಕಡಿದರೆ, ಮೊದಲು ಮಣ್ಣೊಳಗೆ ಇಂಗಿ ಒರತೆಯಾಗುತ್ತಿದ್ದ ನೀರೇ ಬೆಟ್ಟವನ್ನು ನೂಕುತ್ತದೆ ಎನ್ನುವುದೂ ಅಷ್ಟೇ ನಿಜ. ತೀರ್ಥ ಹುಟ್ಟುವುದು ಕುಂಡಿಕೆಯಿಂದ ಮಾತ್ರ ಎಂದುಕೊಂಡರೆ ಸುತ್ತಲ ಬೆಟ್ಟ ನಮಗೆ ಜಾಗವಾಗಿ ಕಾಣುತ್ತದೆ. ಇಡೀ ಬ್ರಹ್ಮಗಿರಿಯೇ ಕುಂಡಿಕೆ ಎಂದು ತಿಳಿಯಬೇಕು.

ಪಶ್ಚಿಮವಾಹಿನಿಯ ದಂಡೆಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿ. ಅಸ್ಥಿ ಬಿಡಲು ಬಂದ ಕುಟುಂಬ ಮಂತ್ರ ಮುಗಿಸಿ, ಕಣ್ಣೊರೆಸಿಕೊಂಡು, ಉಟ್ಟಿದ್ದ ಹಳೆಯ ಬಟ್ಟೆಯನ್ನು ನೀರಿಗೆ ಬಿಟ್ಟು ಮೇಲೆ ಹತ್ತುತ್ತದೆ. ಆ ಪಂಚೆ ಹರಿದು ಹೋಗುವುದಿಲ್ಲ. ಹತ್ತು ಮಾರು ಸಾಗಿ ಕಲ್ಲಿಗೆ ಸಿಕ್ಕಿ, ಹಿಂದಿನ ವಾರದ ಸೀರೆ, ಪ್ಲಾಸ್ಟಿಕ್ ಕವರು, ಮಡಕೆಚೂರುಗಳ ಜೊತೆ ಕೊಳೆಯುತ್ತದೆ. ಬೂದಿಯನ್ನು ಕರಗಿಸುವ ಶಕ್ತಿ ನದಿಗಿದೆ, ಪಾಲಿಯೆಸ್ಟರನ್ನು ಕರಗಿಸುವ ಶಕ್ತಿ ಇಲ್ಲ. ಶಾಸ್ತ್ರ ಬರೆದವರ ಕಾಲದಲ್ಲಿ ಬಟ್ಟೆ ಎಂದರೆ ಹತ್ತಿ.

ಎಲ್ಲಕ್ಕಿಂತ ದೊಡ್ಡ ಹೊಣೆ ಬೆಂಗಳೂರಿನದು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತದಲ್ಲಿ ಎತ್ತರಕ್ಕೆ ಪಂಪ್ ಮಾಡಿ ಈ ನಗರಕ್ಕೆ ಕಾವೇರಿಯನ್ನು ತರುತ್ತಾರೆ. 1974ರಲ್ಲಿ ಶುರುವಾದ ಈ ಕೆಲಸದ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಮರುದಿನ ಬೆಳಿಗ್ಗೆ 7.40ಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಬಂದ ನೀರಿನ ಒಂದು ದೊಡ್ಡ ಪಾಲು ನಗರದಿಂದ ಹೇಗೆ ಹೋಗುತ್ತದೆ? ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಎನ್ನುವ ವೃಷಭಾವತಿಯಲ್ಲಿ. ತಲಕಾವೇರಿಯಂತೆಯೇ ಅದೂ ದೇವರ ಸನ್ನಿಧಿಯಲ್ಲಿ ಹುಟ್ಟಿದ ನೀರು, ಅದರ ದಂಡೆಯಲ್ಲೂ ಗಾಳಿ ಆಂಜನೇಯನ ಗುಡಿ ಇದೆ. ಇವತ್ತು ಜನ ಅದನ್ನು ಕರೆಯುವುದು ಮೋರಿ ಎಂದು. ಆ ನೀರು ಅರ್ಕಾವತಿಗೆ ಸೇರಿ, ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ತಾಯಿಯಿಂದ ಬಿಂದಿಗೆ ತುಂಬಿಸಿಕೊಂಡು, ಅದೇ ಬಿಂದಿಗೆಯಲ್ಲಿ ಕೊಳಚೆ ತುಂಬಿ ಅವಳ ಮಡಿಲಿಗೆ ಸುರಿಯುತ್ತಿದ್ದೇವೆ. ಕಲಶಪೂಜೆಯಲ್ಲಿ ಏಳು ನದಿಗಳನ್ನು ಕರೆಯುವಾಗ ಕೊನೆಯದಾಗಿ ಕರೆಯುವ ಹೆಸರು ಕಾವೇರಿಯದು. ಬೆಂಗಳೂರಿನ ಕಲಶದಲ್ಲಿ ಅವಳು ಕರೆಯದೆಯೂ ಇದ್ದಾಳೆ, ನಲ್ಲಿಯಲ್ಲಿ ಬಂದಿದ್ದಾಳೆ.

ಬರುವ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರು ಮನೆಯಿಂದಲೇ ಒಂದು ತಂಬಿಗೆ ಒಯ್ಯಿರಿ. ಕೊಂಡ ಪ್ಲಾಸ್ಟಿಕ್ ಕ್ಯಾನನ್ನು ಬೆಟ್ಟದಲ್ಲಿ ಬಿಟ್ಟು ಬರಬೇಡಿ. ಪಶ್ಚಿಮವಾಹಿನಿಗೆ ಹೋಗಬೇಕಾಗಿ ಬಂದವರು ಅಸ್ಥಿಯನ್ನಷ್ಟೇ ನದಿಗೆ ಕೊಡಿ, ಬಟ್ಟೆಯನ್ನು ಮರಳಿ ತನ್ನಿ. ಬೆಂಗಳೂರಿನವರು ಮನೆಗೆ ಮತ ಕೇಳಲು ಬಂದವರನ್ನು ಕಾವೇರಿ ನೀರು ಯಾವಾಗ ಬರುತ್ತದೆ ಎಂದು ಕೇಳಿದ ಮೇಲೆ, ವೃಷಭಾವತಿ ಯಾವಾಗ ಶುದ್ಧವಾಗುತ್ತಾಳೆ ಎಂದೂ ಕೇಳಿ.